ಮುಂಬಯಿ ಗಲಭೆಯ ನೆನಪುಗಳನ್ನು ಹಿರಿಯರಿಂದ ದಾಖಲಿಸಿಕೊಳ್ಳುವ ಬಗೆ

1992ರ ಡಿಸೆಂಬರ್ ಮತ್ತು 1993ರ ಜನವರಿ ತಿಂಗಳುಗಳಲ್ಲಿ ಮುಂಬಯಿಯಲ್ಲಿ ನಡೆದ ಹಿಂದೂ-ಮುಸ್ಲಿಂ ಗಲಭೆಯನ್ನು ಪ್ರಾಯದ ವಯಸ್ಸಿನಲ್ಲಿ ಕಂಡವರು ಈಗ ಅರುವತ್ತರ ಆಚೀಚೆ ಇದ್ದಾರೆ. ಆಗಲೇ ನಡುವಯಸ್ಸು ದಾಟಿದ್ದವರಲ್ಲಿ ಅನೇಕರು ತೀರಿಕೊಂಡಿದ್ದಾರೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದವರು, ಬಟ್ಟೆ ಗಿರಣಿಯಲ್ಲಿ ಪಾಳಿ ಮಾಡುತ್ತಿದ್ದವರು, ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಕಲಬುರಗಿ ಮತ್ತು ವಿಜಯಪುರದ ಕಡೆಯಿಂದ ಬಂದು ಧಾರಾವಿಯಲ್ಲಿ ನೆಲೆಸಿದ್ದ ಕೂಲಿಕಾರರು, ಹೀಗೆ ಈ ನಗರದ ಕನ್ನಡಿಗರು ಆ ದಿನಗಳನ್ನು ಬಹಳ ಹತ್ತಿರದಿಂದ ಕಂಡಿದ್ದಾರೆ. ಆದರೆ ಅವರು ಕಂಡದ್ದು ಹೆಚ್ಚಾಗಿ ಮನೆಯ ಮಾತಿನಲ್ಲಿಯೇ ಉಳಿದಿದೆ, ಮತ್ತು ಮನೆಯ ಮಾತು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವಾಗ ಅದರಲ್ಲಿನ ಊರು, ಗಲ್ಲಿ, ಮನುಷ್ಯರ ಹೆಸರುಗಳೆಲ್ಲ ಅಳಿದು "ಅವರು ನಮಗೆ ಹೀಗೆ ಮಾಡಿದರು" ಎಂಬ ಒಂದೇ ವಾಕ್ಯ ಮಿಗುತ್ತದೆ. ಮುಂದಿನ ಗಲಭೆಗೆ ಬೇಕಾದ ಸಿಟ್ಟು ಅಂಥ ವಾಕ್ಯದಲ್ಲಿಯೇ ಬೆಳೆಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ನೆನಪನ್ನು ಬರಿದೇ ಕೂಡಿಟ್ಟರೆ ಸಾಲದು. ಕಣ್ಣಾರೆ ಕಂಡದ್ದನ್ನು ಕಿವಿಗೆ ಬಿದ್ದದ್ದರಿಂದ ಬೇರ್ಪಡಿಸಿ ಬರೆದಿಡಬೇಕು. ಮನೆಯ ಅಥವಾ ನೆರೆಹೊರೆಯ ಹಿರಿಯರೊಡನೆ ಕುಳಿತು ಈ ಕೆಲಸ ಮಾಡಲು ಇಚ್ಛಿಸುವವರಿಗಾಗಿ ಈ ಬರಹ.

ಮೊದಲು ಕಾಲಕ್ರಮವನ್ನು ಓದಿಕೊಳ್ಳಿ

ಹಿರಿಯರ ಮುಂದೆ ಕೂರುವ ಮುನ್ನ ಘಟನೆಗಳ ಒಟ್ಟು ನಡೆ ನಿಮಗೆ ತಿಳಿದಿರಬೇಕು. 1992ರ ಡಿಸೆಂಬರ್ 6, ಭಾನುವಾರ, ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಆ ರಾತ್ರಿಯಿಂದಲೇ ಮುಂಬಯಿಯಲ್ಲಿ ಘರ್ಷಣೆ ತೊಡಗಿತು. ಡಿಸೆಂಬರ್ 10ರವರೆಗಿನದು ಮೊದಲ ಹಂತ. ಮುಸ್ಲಿಮರ ಪ್ರತಿಭಟನೆ ಹಿಂಸೆಗೆ ತಿರುಗಿತು, ಮಸೀದಿ ಉರುಳಿದ್ದನ್ನು ಸಂಭ್ರಮಿಸಿದ ಮೆರವಣಿಗೆಗಳು ಬೆಂಕಿಗೆ ತುಪ್ಪ ಸುರಿದವು, ಪೊಲೀಸ್ ಗೋಲಿಬಾರಿನಲ್ಲಿ ಬಹಳ ಮಂದಿ ಸತ್ತರು. ಡಿಸೆಂಬರ್ ಕೊನೆಯ ವಾರದಿಂದ ರಸ್ತೆಗಳಲ್ಲಿ ಮಹಾ ಆರತಿಗಳು (ಹಿಂದೂಗಳು ಗುಂಪುಗೂಡಿ ನಡೆಸುವ ಸಾಮೂಹಿಕ ಆರತಿಗಳು) ಆರಂಭವಾದವು. ಜನವರಿ ಮೊದಲ ವಾರದಲ್ಲಿ ಡೋಂಗ್ರಿಯಲ್ಲಿ ಮಾಥಾಡಿ (ಹೊರೆ ಹೊರುವ) ಕಾರ್ಮಿಕರ ಕೊಲೆಯಾಯಿತು. 8ರ ನಸುಕಿನಲ್ಲಿ ಜೋಗೇಶ್ವರಿಯ ರಾಧಾಬಾಯಿ ಚಾಳಿನಲ್ಲಿ (ಸಾಲುಕೋಣೆಗಳ ವಠಾರದಲ್ಲಿ) ಹಿಂದೂ ಕುಟುಂಬದವರನ್ನು ಕೋಣೆಯೊಳಗೆ ಸುಟ್ಟು ಕೊಲ್ಲಲಾಯಿತು. ಆ ಬಳಿಕ ಮುಸ್ಲಿಮರ ಮೇಲೆ ನಡೆದ ದಾಳಿಗಳು ಸಂಘಟಿತವಾಗಿದ್ದವು, ಅವುಗಳ ಮುಂದಾಳ್ತನ ಶಿವಸೇನೆಯದಾಗಿತ್ತು ಎಂದು ಗಲಭೆಯ ವಿಚಾರಣೆ ನಡೆಸಿದ ಶ್ರೀಕೃಷ್ಣ ಆಯೋಗ ಹೇಳಿದೆ. ಪೈಧೋನಿಯ ಸುಲೇಮಾನ್ ಉಸ್ಮಾನ್ ಬೇಕರಿಯಲ್ಲಿ ಜನವರಿ 9ರಂದು, ವಡಾಲಾದ ಹರಿ ಮಸೀದಿಯಲ್ಲಿ ಜನವರಿ 10ರಂದು ಪೊಲೀಸರ ಗುಂಡಿಗೆ ಜನ ಬಲಿಯಾದರು. ಎರಡನೆಯ ಹಂತ ಜನವರಿ 20ರವರೆಗೆ ನಡೆಯಿತು. ಮಾರ್ಚ್ 12ರ ಶುಕ್ರವಾರ ನಗರದ ಹಲವೆಡೆ ಸರಣಿ ಬಾಂಬ್ ಸ್ಫೋಟಗಳಾಗಿ 257 ಜನ ಸತ್ತರು.

ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಏಕಸದಸ್ಯ ಆಯೋಗವು ಎರಡೂ ಹಂತಗಳಲ್ಲಿ ಸತ್ತವರು 900 ಎಂದು ದಾಖಲಿಸಿದೆ: ಮುಸ್ಲಿಮರು 575, ಹಿಂದೂಗಳು 275, ಗುರುತು ತಿಳಿಯದವರು 45, ಇತರರು 5. ಪೊಲೀಸ್ ಗೋಲಿಬಾರಿನಿಂದ 356, ಚೂರಿ ಇರಿತದಿಂದ 347, ಬೆಂಕಿಯಿಂದ 91, ಗುಂಪಿನ ಕೈಯಲ್ಲಿ 80 ಸಾವುಗಳಾದವು. 1996ರ ಜನವರಿಯಲ್ಲಿ ಶಿವಸೇನೆ-ಭಾಜಪ ಸರಕಾರ ಈ ಆಯೋಗವನ್ನು ರದ್ದುಪಡಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಅದನ್ನು ಮತ್ತೆ ನೇಮಿಸಿ, ಸ್ಫೋಟಗಳನ್ನೂ ವಿಚಾರಣೆಯ ವ್ಯಾಪ್ತಿಗೆ ಸೇರಿಸಿತು. 1998ರ ಫೆಬ್ರವರಿ 16ರಂದು ವರದಿ ಸಲ್ಲಿಕೆಯಾಯಿತು. ಸರಕಾರ ಅದನ್ನು ಒಪ್ಪಲಿಲ್ಲ. ಪೊಲೀಸರಲ್ಲಿ ಮುಸ್ಲಿಮರ ವಿರುದ್ಧ ಪೂರ್ವಗ್ರಹವಿತ್ತು ಎಂದು ಆಯೋಗ ಹೇಳಿತು ಮತ್ತು 31 ಪೊಲೀಸರ ಮೇಲೆ ಕ್ರಮ ಜರುಗಿಸಬೇಕೆಂದು ಹೆಸರಿಸಿತು. ಈ ವರದಿಯ ಒಂದು ಸಂಪುಟ ಪೊಲೀಸ್ ಠಾಣೆವಾರಾಗಿದೆ. ನಿಮ್ಮ ಹಿರಿಯರು ಆಗ ವಾಸವಿದ್ದ ಪ್ರದೇಶ ಯಾವ ಠಾಣೆಯ ಸರಹದ್ದಿಗೆ ಬರುತ್ತಿತ್ತು ಎಂದು ತಿಳಿದುಕೊಂಡು ಆ ಅಧ್ಯಾಯವನ್ನು ಪೂರ್ತಿ ಓದಿ, ಟಿಪ್ಪಣಿ ಮಾಡಿಕೊಳ್ಳಿ. ಅದನ್ನು ಮಾತುಕತೆಗೆ ಒಯ್ಯುವುದು ಬೇಡ. ಪರೀಕ್ಷೆ ತೆಗೆದುಕೊಳ್ಳಲು ಬಂದವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಯಾರನ್ನು ಕೇಳಬೇಕು

ಮನೆಯ ಯಜಮಾನರೇ ಎಲ್ಲವನ್ನೂ ಬಲ್ಲರು ಎಂದು ಭಾವಿಸಬೇಡಿ. ಗಂಡಸರು ಸಾಮಾನ್ಯವಾಗಿ ಗಲಭೆಯ ಕಥೆ ಹೇಳುತ್ತಾರೆ. ಕರ್ಫ್ಯೂವಿನ ಕಥೆ ಹೆಂಗಸರಲ್ಲಿರುತ್ತದೆ. ಹಾಲು ಎಲ್ಲಿಂದ ಬಂತು, ಅಕ್ಕಿ ಎಷ್ಟು ದಿನಕ್ಕೆ ಸಾಕಾಯಿತು, ಪಕ್ಕದ ಖೋಲಿಯ (ಒಂದು ಕೋಣೆಯ ಮನೆಯ) ಮುಸ್ಲಿಂ ಬಾಣಂತಿಗೆ ಬಿಸಿನೀರು ಯಾರು ಕೊಟ್ಟರು, ಯಾರು ಬಾಗಿಲು ತೆರೆಯಲಿಲ್ಲ ಎಂಬಂಥ ವಿವರಗಳು ಅಜ್ಜಿ, ದೊಡ್ಡಮ್ಮ, ಅತ್ತೆಯರ ಬಾಯಿಂದ ಮಾತ್ರ ಬರುತ್ತವೆ. ಹೋಟೆಲ್ ಮಾಲೀಕರನ್ನು ಕೇಳಿದರೆ ಅಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಹುಡುಗರನ್ನೂ ಹುಡುಕಿ ಕೇಳಿ. ರಾತ್ರಿ ಷಟರ್ ಎಳೆದ ಮೇಲೆ ಹೋಟೆಲಿನೊಳಗೇ ಮಲಗುತ್ತಿದ್ದವರು ಅವರು. ಆಗ ಹತ್ತು-ಹನ್ನೆರಡು ವರ್ಷದ ಮಕ್ಕಳಾಗಿದ್ದವರನ್ನೂ ಬಿಡಬಾರದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಒಂದೇ ಧರ್ಮದವರನ್ನು ಕೇಳಿ ಮುಗಿಸಿದ ದಾಖಲೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಧವೇ. ಕರಾವಳಿಯ ಬ್ಯಾರಿ ಕುಟುಂಬಗಳು ಮುಂಬಯಿಯಲ್ಲಿ ತಲೆಮಾರುಗಳಿಂದ ಇವೆ. ಉತ್ತರ ಕರ್ನಾಟಕದಿಂದ ಬಂದ, ಮನೆಯಲ್ಲಿ ದಖನಿ ಉರ್ದು ಆಡಿದರೂ ಕನ್ನಡವನ್ನು ಚೆನ್ನಾಗಿ ಬಲ್ಲ ಮುಸ್ಲಿಮರೂ ಇದ್ದಾರೆ. ನಿಮ್ಮ ತಂದೆಯವರ ಹಳೆಯ ಚಾಳಿನಲ್ಲಿ, ಕೆಲಸದ ಜಾಗದಲ್ಲಿ ಅಂಥವರು ಇದ್ದರೇ ಎಂದು ವಿಚಾರಿಸಿ, ಪರಿಚಯದವರೊಬ್ಬರನ್ನು ಮುಂದಿಟ್ಟುಕೊಂಡು ಹೋಗಿ. ಮೊದಲ ಭೇಟಿಯಲ್ಲಿ ಗಲಭೆಯ ಮಾತನ್ನೇ ಎತ್ತಬೇಡಿ. ಊರು ಯಾವುದು, ಮುಂಬಯಿಗೆ ಬಂದದ್ದು ಯಾವಾಗ, ಯಾರ ಆಶ್ರಯದಲ್ಲಿ, ಮೊದಲ ಕೆಲಸ ಯಾವುದು ಎಂಬಲ್ಲಿಂದ ಆರಂಭಿಸಿ. ಒಬ್ಬರ ಬದುಕನ್ನು ಆ ಎರಡು ತಿಂಗಳುಗಳಿಗೆ ಇಳಿಸಿ ನೋಡುವುದು ಅವರಿಗೆ ಮಾಡುವ ಅಗೌರವ.

ಒಪ್ಪಿಗೆ

ಧ್ವನಿಮುದ್ರಣ ಏಕೆ, ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೀರಿ ಎಂಬುದನ್ನು ಅವರ ಭಾಷೆಯಲ್ಲಿಯೇ ತಿಳಿಸಿ ಹೇಳಿ, ಅವರ "ಆಗಬಹುದು" ಎಂಬ ಮಾತನ್ನು ಮುದ್ರಣದ ಆರಂಭದಲ್ಲಿಯೇ ಸೇರಿಸಿಕೊಳ್ಳಿ. ಹೆಸರು ಬಳಸಬಹುದೇ, ಮನೆಯವರಿಗೆ ಮಾತ್ರವೇ, ತಮ್ಮ ಕಾಲಾನಂತರ ಮಾತ್ರವೇ ಎಂಬ ಆಯ್ಕೆ ಅವರದು. ನಡುವೆ ನಿಲ್ಲಿಸೆಂದರೆ ತಕ್ಷಣ ನಿಲ್ಲಿಸಬೇಕು. ಮೊಬೈಲನ್ನು ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನಿನ ಕೆಳಗಲ್ಲದೆ ಅವರ ಎದುರಿಗೆ ಮೊಳದಷ್ಟು ದೂರದಲ್ಲಿ ಬಟ್ಟೆಯ ಮೇಲಿಟ್ಟರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ.

ಕೇಳುವ ಕ್ರಮ

ಮೂರು ದಶಕ ಕಳೆದ ಮೇಲೆ ತಾರೀಖು ಯಾರಿಗೂ ನೆನಪಿರುವುದಿಲ್ಲ. "ಅದು ಯಾವ ದಿನ?" ಎಂದು ಕೇಳಿದರೆ ಊಹೆಯ ಉತ್ತರ ಬರುತ್ತದೆ, ಆ ಊಹೆಯೇ ಮುಂದೆ ಸತ್ಯವಾಗಿ ನಿಲ್ಲುತ್ತದೆ. ಆದ್ದರಿಂದ ಗುರುತುಗಳನ್ನು ಹಿಡಿದು ಕೇಳಬೇಕು. ಡಿಸೆಂಬರ್ 6 ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರಿನ ಚೈತ್ಯಭೂಮಿಗೆ ಹೋಗುವ ಜನಸಾಗರ ಆ ದಿನದ ದೊಡ್ಡ ಗುರುತು. ಡಿಸೆಂಬರ್ 10ರ ನಸುಕಿನಲ್ಲಿ ಚಂದ್ರಗ್ರಹಣವಿತ್ತು, ಗ್ರಹಣ ಆಚರಿಸುವ ಮನೆಗಳಲ್ಲಿ ಅದು ಕರ್ಫ್ಯೂವಿನ ಜೊತೆಗೇ ನೆನಪಿನಲ್ಲಿರಬಹುದು. ಜನವರಿಯ ಘಟನೆಗಳಿಗೆ "ಸಂಕ್ರಾಂತಿಗೆ ಮೊದಲೋ ನಂತರವೋ?" ಎಂದು ಕೇಳಿ. ಬಾಂಬ್ ಸ್ಫೋಟವಾದದ್ದು ರಂಜಾನ್ ತಿಂಗಳಲ್ಲಿ; ಸುಧಾಕರರಾವ್ ನಾಯ್ಕರು ಕೆಳಗಿಳಿದು ಶರದ್ ಪವಾರರು ಮುಖ್ಯಮಂತ್ರಿಯಾಗಿ ಇನ್ನೂ ವಾರ ಕಳೆದಿರಲಿಲ್ಲ. ಗಲಭೆಯನ್ನೂ ಸ್ಫೋಟವನ್ನೂ ಒಂದೇ ಘಟನೆಯಾಗಿ ನೆನೆಯುವವರು, ಅಥವಾ ಹಿಂದುಮುಂದು ಮಾಡಿ "ಬಾಂಬ್ ಹಾಕಿದ್ದಕ್ಕೆ ಗಲಾಟೆ ಆಯಿತು" ಎನ್ನುವವರು ಸಿಗುತ್ತಾರೆ. ಅಲ್ಲಿ ವಾದಕ್ಕಿಳಿಯದೆ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ನಿಜವಾದ ಅನುಕ್ರಮವನ್ನು ನಿಮ್ಮ ಟಿಪ್ಪಣಿಯಲ್ಲಿ ಸೇರಿಸಿ. ಕಾರಣ ಮತ್ತು ಪರಿಣಾಮಗಳು ನೆನಪಿನಲ್ಲಿ ಸ್ಥಾನ ಬದಲಿಸಿಕೊಂಡದ್ದು ಕೂಡ ಗಲಭೆ ಬಿಟ್ಟುಹೋದ ಒಂದು ಗುರುತೇ.

ಊರಿಗೆ ಹೋದ ಪ್ರಯಾಣದ ಬಗ್ಗೆ ವಿವರವಾಗಿ ಕೇಳಿ. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಆರಂಭವಾದದ್ದು 1998ರಲ್ಲಿ. ಕರಾವಳಿಯವರು ಹೆಚ್ಚಾಗಿ ಬಸ್ಸನ್ನೇ ನಂಬಿದ್ದರು. ಬಸ್ಸು ಎಲ್ಲಿಂದ ಹೊರಟಿತು, ಅಲ್ಲಿಯವರೆಗೆ ಹೇಗೆ ಹೋದರು, ಯಾರು ಜೊತೆಗಿದ್ದರು, ಯಾರನ್ನು ಬಿಟ್ಟುಹೋದರು, ಊರಿನಲ್ಲಿ ಎಷ್ಟು ಕಾಲ ಇದ್ದರು, ತಿರುಗಿ ಬಂದಾಗ ಖೋಲಿ ಹೇಗಿತ್ತು ಎಂಬ ಪ್ರಶ್ನೆಗಳಿಗೆ ಜನ ಬಹಳ ನಿಖರವಾಗಿ ಉತ್ತರಿಸುತ್ತಾರೆ.

ಈಗ ಈ ಕೆಲಸದ ತಿರುಳಿಗೆ ಬರೋಣ. ಪ್ರತಿಯೊಂದು ಮುಖ್ಯ ಸಂಗತಿಯ ಬಳಿಕ, ಸ್ವರದಲ್ಲಿ ಅನುಮಾನದ ಛಾಯೆಯಿಲ್ಲದೆ, "ದೊಡ್ಡಪ್ಪ, ಇದು ನೀವೇ ಕಂಡದ್ದಾ, ಯಾರಾದರೂ ಬಂದು ಹೇಳಿದ್ದಾ?" ಎಂದು ಕೇಳಿ. ಕಂಡದ್ದಾದರೆ, ಎಲ್ಲಿ ನಿಂತು ಕಂಡಿರಿ, ಹಗಲೋ ರಾತ್ರಿಯೋ, ಮುಖಗಳು ಕಾಣುತ್ತಿದ್ದವೇ ಎಂದು ವಿಚಾರಿಸಿ. ಕೇಳಿದ್ದಾದರೆ, ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಕೇಳಿದೊಡನೆ ನೀವು ಏನು ಮಾಡಿದಿರಿ ಎಂದು ವಿಚಾರಿಸಿ. ಬರೆದಿಡುವಾಗ ಪುಟವನ್ನು ಎರಡು ಭಾಗ ಮಾಡಿ, ಕಂಡದ್ದನ್ನು ಎಡಕ್ಕೂ ಕೇಳಿದ್ದನ್ನು ಬಲಕ್ಕೂ ಬರೆಯುವುದು ಒಳ್ಳೆಯ ಪದ್ಧತಿ. ಕೇಳಿದ್ದನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಸಮುದ್ರದ ಕಡೆಯಿಂದ ಶಸ್ತ್ರ ತುಂಬಿದ ದೋಣಿಗಳು ಬರುತ್ತಿವೆ ಎಂಬ ವದಂತಿ ಹಬ್ಬಿ, ಜನ ರಾತ್ರಿಯಿಡೀ ದೊಣ್ಣೆ ಹಿಡಿದು ಕಾವಲು ಕೂತದ್ದುಂಟು. ದೋಣಿ ಬಂದದ್ದು ಸುಳ್ಳಾದರೂ ಕಾವಲು ಕೂತದ್ದು ನಿಜ, ಆ ಕಾವಲಿನ ಮುಂದೆ ಹಾದುಹೋಗಬೇಕಾದ ಬಡಪಾಯಿಯ ಭಯವೂ ನಿಜ. ವದಂತಿ ಯಾವ ದಾರಿಯಲ್ಲಿ ಬಂತು, ಯಾವ ಗಂಟೆಯಲ್ಲಿ ಬಂತು, ಅದನ್ನು ನಂಬದವರು ಯಾರಾದರೂ ಇದ್ದರೇ ಎಂಬುದನ್ನು ದಾಖಲಿಸಿದರೆ ಗಲಭೆ ಹೇಗೆ ಹರಡುತ್ತದೆ ಎಂಬುದು ನಿಮ್ಮ ಗಲ್ಲಿಯ ಉದಾಹರಣೆಯಲ್ಲಿಯೇ ಕಾಣಸಿಗುತ್ತದೆ.

"ಅವರು" ಎಂಬ ಮಾತು ಬಂದಾಗಲೆಲ್ಲ ನಿಲ್ಲಿ. ಅವರು ಎಂದರೆ ಯಾರು, ಅದೇ ಗಲ್ಲಿಯವರೇ ಹೊರಗಿನವರೇ, ಎಷ್ಟು ಮಂದಿ, ಹೆಸರು ಗೊತ್ತಿರುವವರು ಯಾರಾದರೂ ಇದ್ದರೇ ಎಂದು ಕೇಳಿ. "ನಾವು" ಎಂಬ ಮಾತಿಗೂ ಇದೇ ನಿಯಮ, ಏಕೆಂದರೆ "ನಾವೂ ಬಿಡಲಿಲ್ಲ" ಎಂದು ಹೇಳಿ ಸುಮ್ಮನಾಗುವ ಹಿರಿಯರೂ ನಮ್ಮ ನಡುವೆ ಇದ್ದಾರೆ. ಆ ಮೌನವನ್ನು ಒತ್ತಾಯದಿಂದ ಒಡೆಯಬೇಡಿ. ಅದನ್ನು ಮರೆಮಾಚಲೂ ಬೇಡಿ. ಆ ವಾಕ್ಯವನ್ನು ಅವರು ಆಡಿದಂತೆಯೇ ಬರೆದಿಡಿ.

ನಕ್ಷೆ ಬರೆಸುವುದು ಬಹಳ ಉಪಯುಕ್ತ. ದೊಡ್ಡ ಹಾಳೆಯ ಮೇಲೆ ಅವರ ಹಳೆಯ ಗಲ್ಲಿಯನ್ನು ಅವರ ಕೈಯಿಂದಲೇ ಗೀಚಿಸಿ: ನಲ್ಲಿ, ಹಿಟ್ಟಿನ ಗಿರಣಿ, ಹೋಟೆಲು, ಮಸೀದಿ, ಗಣಪತಿ ಕೂರಿಸುವ ಜಾಗ, ಬೇಕರಿ, ಪ್ರತಿ ಖೋಲಿಯಲ್ಲಿ ಯಾರಿದ್ದರು. ಬಳಿಕ ಇನ್ನೊಂದು ಹಾಳೆಯಲ್ಲಿ ಅದೇ ಗಲ್ಲಿ ಈಗ ಹೇಗಿದೆ ಎಂದು ಬರೆಸಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಬಾಯಿಂದ ಹೇಳದೆ ಉಳಿದ ಎಷ್ಟೋ ಸಂಗತಿಗಳು ಎದುರಿಗೆ ಬರುತ್ತವೆ.

ಗಲಭೆಯ ನಂತರದ ಬದುಕು

ದಾಖಲಿಸುವವರು ಹೆಚ್ಚಾಗಿ ಜನವರಿ 20ಕ್ಕೆ ನಿಲ್ಲಿಸಿಬಿಡುತ್ತಾರೆ. ಆದರೆ ಮಾತಿನ ಅರ್ಧ ಸಮಯವನ್ನಾದರೂ ಅದರ ನಂತರದ ವರ್ಷಗಳಿಗೆ ಮೀಸಲಿಡಬೇಕು. ಗಲಭೆ ನಗರದ ವಾಸದ ನಕ್ಷೆಯನ್ನೇ ಬದಲಾಯಿಸಿತು. ಮಿಶ್ರ ಬಸ್ತಿಗಳಲ್ಲಿದ್ದ ಮುಸ್ಲಿಂ ಕುಟುಂಬಗಳು ಮುಂಬ್ರಾ, ಮೀರಾ ರೋಡಿನ ನಯಾ ನಗರದಂಥ ಕಡೆಗಳಿಗೆ ಸರಿದವು. ಮುಸ್ಲಿಮರು ಹೆಚ್ಚಿರುವ ಕಡೆ ಇದ್ದ ಹಿಂದೂ ಕುಟುಂಬಗಳೂ ಬಂದ ಬೆಲೆಗೆ ಖೋಲಿ ಮಾರಿ ಉಪನಗರಗಳಿಗೆ ಹೋದವು. ಮನೆ ಏಕೆ ಬದಲಿಸಿದಿರಿ ಎಂದು ನೇರವಾಗಿ ಕೇಳಿದರೆ "ಜಾಗ ಸಾಲದಾಯಿತು" ಎಂಬ ಉತ್ತರ ಬರಬಹುದು. ಯಾವ ವರ್ಷ ಬದಲಿಸಿದಿರಿ, ಪಗಡಿಯ (ದೊಡ್ಡ ಮೊತ್ತ ಮೊದಲೇ ಕೊಟ್ಟು ಹಿಡಿದ ಬಾಡಿಗೆಯ) ಖೋಲಿ ಎಷ್ಟಕ್ಕೆ ಹೋಯಿತು, ಆಗ ಅಲ್ಲಿ ನಡೆಯುತ್ತಿದ್ದ ದರವೆಷ್ಟು, ಕೊಂಡವರು ಯಾರು ಎಂದು ಬಿಡಿಬಿಡಿಯಾಗಿ ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ.

ಕೆಲಸದ ಬಗ್ಗೆಯೂ ಹಾಗೆಯೇ. ಗಲಭೆಗೆ ಮುಂಚೆ ಜೊತೆಗೆ ಕೆಲಸ ಮಾಡುತ್ತಿದ್ದ ಮುಸ್ಲಿಂ ಬೇಕರಿಯವರು, ದರ್ಜಿಗಳು, ಮಾಂಸ ಮತ್ತು ಕಟ್ಟಿಗೆ ಪೂರೈಸುವವರು ಬಳಿಕವೂ ಬಂದರೇ? ಬಾರದಿದ್ದರೆ ಬಾಕಿ ಲೆಕ್ಕ ಏನಾಯಿತು? ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರೇ? ಈದ್ ದಿನದ ಶೀರ್ ಖುರ್ಮಾ, ಚೌತಿಯ ಮೋದಕ ಮನೆಯಿಂದ ಮನೆಗೆ ಹೋಗುವುದು ಯಾವ ವರ್ಷದಿಂದ ನಿಂತಿತು, ಅಥವಾ ನಿಲ್ಲಲೇ ಇಲ್ಲವೇ? ಮುಸ್ಲಿಂ ಹಿರಿಯರನ್ನು ಕೇಳುವಾಗ, ಬಾಡಿಗೆಯ ಮನೆ ಹುಡುಕುವಾಗ ಹೆಸರು ಹೇಳಿದ ಕೂಡಲೇ ಮನೆ ಖಾಲಿಯಿಲ್ಲವಾದ ಅನುಭವಗಳನ್ನು ಕೇಳಿ. ಮೂರನೆಯ ತಲೆಮಾರು ಕೂಡ ಗಲಭೆಯ ಬೆಲೆಯನ್ನು ತೆರುತ್ತಿರುವುದು ಹೆಚ್ಚಾಗಿ ಅಲ್ಲಿಯೇ.

ಕಾಪಾಡಿದವರ ಕಥೆಗಳನ್ನೂ ತಪ್ಪದೆ ಕೇಳಿ, ಆದರೆ ಅವುಗಳನ್ನು ನೋವಿನ ಕಥೆಗಳ ಮೇಲೆ ಹೊದಿಸುವ ಮುಸುಕಾಗಿ ಬಳಸಬಾರದು. ಗಲಭೆಯ ನಂತರ ಧಾರಾವಿಯಲ್ಲಿ ಭಾವು ಕೊರ್ಡೆ ಮತ್ತು ವಕಾರ್ ಖಾನ್ ಅವರಂಥವರು ಜನರನ್ನು ಮತ್ತೆ ಒಟ್ಟಿಗೆ ಕೂರಿಸಲು ವರ್ಷಗಟ್ಟಲೆ ದುಡಿದರು. ನಗರದಲ್ಲಿ ಮೊಹಲ್ಲಾ ಕಮಿಟಿಗಳು, ಅಂದರೆ ಬಡಾವಣೆಯ ಶಾಂತಿ ಸಮಿತಿಗಳು, ಹುಟ್ಟಿಕೊಂಡವು. ಮಾಜಿ ಪೊಲೀಸ್ ಅಧಿಕಾರಿ ಜೂಲಿಯೋ ರಿಬೇರೋ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ಸಮಾಜ ಕಾರ್ಯಕರ್ತೆ ಸುಶೋಭಾ ಬರ್ವೆ ಅವರು ಅದಕ್ಕಾಗಿ ಶ್ರಮಿಸಿದರು. ಅದಕ್ಕೂ ಮೊದಲೇ, 1970 ಮತ್ತು 1984ರಲ್ಲಿ ಹೊತ್ತಿ ಉರಿದಿದ್ದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಇಂಥ ಸಮಿತಿಗಳನ್ನು ಕಟ್ಟಿದ್ದರು, ಮತ್ತು ಮುಂಬಯಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು. ನಿಮ್ಮ ಹಿರಿಯರು ಅಂಥ ಸಭೆಗೆ ಹೋಗಿದ್ದರೇ, ಅಲ್ಲಿ ಯಾರು ಮಾತಾಡಿದರು, ಅದು ಯಾವಾಗ ನಿಂತಿತು ಎಂದು ಕೇಳಿ ಬರೆದುಕೊಳ್ಳಿ.

ಮಾತಾಡುತ್ತ ಅವರು ಅತ್ತರೆ ಮುದ್ರಣ ನಿಲ್ಲಿಸಿ, ನೀರು ಕೊಡಿ, ಪಕ್ಕದಲ್ಲಿ ಕೂತಿರಿ. ಮುಂದುವರಿಸಬೇಕೇ ಎಂಬುದನ್ನು ಅವರೇ ಹೇಳಲಿ. ಹೊರಡುವ ಮುನ್ನ ಮಾತನ್ನು ಇಂದಿನ ದಿನಕ್ಕೆ ತಂದು ನಿಲ್ಲಿಸಿ, ಮಾರನೆಯ ದಿನ ಫೋನ್ ಮಾಡಿ ವಿಚಾರಿಸಿ. ನಿದ್ರೆ ಕೆಟ್ಟು ಕಳವಳ ಹೆಚ್ಚಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಆಪ್ತಸಲಹೆ ಪಡೆಯಬಹುದು.

ಕಾಗದಪತ್ರ ಮತ್ತು ಕಾಣೆಯಾದವರು

ಟ್ರಂಕಿನೊಳಗಿನ ಕಾಗದಗಳನ್ನು ತೋರಿಸುವಂತೆ ಕೇಳಿ: ಆಗಿನ ರೇಶನ್ ಕಾರ್ಡು, ಶಾಲೆ ಬಿಟ್ಟ ಪ್ರಮಾಣಪತ್ರ, ಪಂಚನಾಮೆಯ ಪ್ರತಿ, ಆಸ್ಪತ್ರೆಯ ಕೇಸ್ ಪೇಪರ್, ಪರಿಹಾರದ ಪತ್ರ, ಊರಿಗೆ ಬರೆದ ಇನ್‌ಲ್ಯಾಂಡ್ ಲೆಟರ್. ನೆನಪು ತಪ್ಪಿದ ತಾರೀಖನ್ನು ರೇಶನ್ ಕಾರ್ಡಿನ ವಿಳಾಸ ಬದಲಾವಣೆ ಸರಿಪಡಿಸುತ್ತದೆ. ಹಗಲಿನ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದು ಮೂಲವನ್ನು ಅಲ್ಲಿಯೇ ಹಿಂದಿರುಗಿಸಿ.

ಮಾತಿನ ನಡುವೆ ಆಗ ಕಾಣೆಯಾಗಿ ಮತ್ತೆ ಸಿಗದವರ ಪ್ರಸ್ತಾಪ ಬಂದರೆ ಅದನ್ನು ಬರಿಯ ನೆನಪಾಗಿ ಬಿಡಬೇಡಿ. ಗಲಭೆಯಲ್ಲಿ 168 ಜನ ಕಾಣೆಯಾಗಿದ್ದರೆಂದೂ, ಅವರಲ್ಲಿ 60 ಮಂದಿಯ ಕುಟುಂಬಗಳಿಗೆ ಮಾತ್ರ ಪರಿಹಾರ ಸಂದಿದೆಯೆಂದೂ ಸುಪ್ರೀಂ ಕೋರ್ಟಿನ 2022ರ ನವೆಂಬರ್ 4ರ ತೀರ್ಪಿನಲ್ಲಿದೆ. ಉಳಿದ 108 ಕುಟುಂಬಗಳನ್ನು ಹುಡುಕಿ, ತಲಾ 2 ಲಕ್ಷ ರೂಪಾಯಿಯನ್ನು 1999ರ ಜನವರಿ 22ರಿಂದ ಶೇಕಡಾ 9ರ ಬಡ್ಡಿ ಸಹಿತ ಕೊಡಬೇಕೆಂದು ಕೋರ್ಟು ಆದೇಶಿಸಿ, ಅದರ ಮೇಲ್ವಿಚಾರಣೆಗೆ ಮಹಾರಾಷ್ಟ್ರ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. ಅಂಥ ಕುಟುಂಬವೊಂದು ನಿಮಗೆ ತಿಳಿದಿದ್ದರೆ, ಅವರ ಒಪ್ಪಿಗೆಯ ಮೇರೆಗೆ, ಆಗಿನ ಪೊಲೀಸ್ ದೂರಿನ ಪ್ರತಿ ಮತ್ತು ಸಂಬಂಧ ತೋರಿಸುವ ದಾಖಲೆಗಳೊಂದಿಗೆ ಪ್ರಾಧಿಕಾರದ ಕಚೇರಿಗೆ ಅವರನ್ನು ಕರೆದೊಯ್ಯಿರಿ. ಊರಿಗೆ ಹಿಂದಿರುಗಿ ಅಲ್ಲಿಯೇ ನೆಲೆಸಿದ ಮನೆಯವರಿಗೆ ಈ ಆದೇಶದ ಸುದ್ದಿ ಮುಟ್ಟದೆ ಇರುವ ಸಂಭವ ಹೆಚ್ಚು.

ಬರಹಕ್ಕಿಳಿಸಿ ಕಾಪಾಡುವುದು

ತುಳುವಿನಲ್ಲಿ, ಬ್ಯಾರಿಯಲ್ಲಿ, ದಖನಿಯಲ್ಲಿ ಆಡಿದ್ದನ್ನು ಅದೇ ಭಾಷೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡದ ಅರ್ಥ ಕೊಡಿ. ಮಾತನ್ನು ಶುದ್ಧಗೊಳಿಸಬೇಡಿ. ಪ್ರಕಟಿಸುವ ಯೋಚನೆಯಿದ್ದರೆ, ಕೊಲೆ, ಬೆಂಕಿ, ಲೂಟಿ ಮಾಡಿದರೆಂದು ಅವರು ಹೇಳಿದ ಖಾಸಗಿ ವ್ಯಕ್ತಿಗಳ ಹೆಸರುಗಳನ್ನು ತೆಗೆಯಿರಿ. ಆ ವ್ಯಕ್ತಿ ನಿರಪರಾಧಿಯಾಗಿರಬಹುದು, ಹೇಳಿದವರಿಗೆ ತೊಂದರೆಯಾಗಬಹುದು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಬರಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಡಿ ಶಿಕ್ಷೆಯೂ ಇದೆ. ಧ್ವನಿಯ ತುಣುಕುಗಳನ್ನು ಕತ್ತರಿಸಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಎಂದಿಗೂ ಹಾಕಬಾರದು, ಏಕೆಂದರೆ ಹಿಂದುಮುಂದಿಲ್ಲದ ಅರ್ಧ ನಿಮಿಷದ ನೆನಪು ಹೊಸ ವದಂತಿಯಾಗಿ ಓಡುತ್ತದೆ.

ಮೂಲ ಮುದ್ರಣವನ್ನು ತಿದ್ದದೆ, ಎರಡು ಬೇರೆ ಜಾಗಗಳಲ್ಲಿ ಇಡಿ. ಕಡತದ ಹೆಸರಿನಲ್ಲಿ ದಿನಾಂಕ ಮತ್ತು ಪ್ರದೇಶವಿರಲಿ. ಕಾಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಇವುಗಳಲ್ಲಿ ಯಾವುದಾದರೂ ಒಂದು ಪ್ರತಿಯನ್ನು ಇರಿಸಿಕೊಳ್ಳಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿ. ಠಾಣೆವಾರು ವರದಿಯ ಟಿಪ್ಪಣಿಯನ್ನು ಈಗ ತೆಗೆದು ಹೋಲಿಸಿ, ವ್ಯತ್ಯಾಸಗಳನ್ನು ಅಡಿಟಿಪ್ಪಣಿಯಾಗಿ ಬರೆಯಿರಿ. ವರದಿಯಲ್ಲಿಲ್ಲದ ಸಂಗತಿ ಸುಳ್ಳೆಂದು ತೀರ್ಮಾನಿಸಬೇಡಿ. ಕೊನೆಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಪ್ರತಿಯನ್ನು ಹಿರಿಯರಿಗೆ ಕೊಟ್ಟು, ಓದಲಾಗದವರಿಗೆ ಓದಿ ಹೇಳಿ, ಅವರು ಸೇರಿಸು ಎಂದದ್ದನ್ನು ಸೇರಿಸಿ, ತೆಗೆ ಎಂದದ್ದನ್ನು ತೆಗೆದು, ತಿದ್ದಿದ ದಿನಾಂಕವನ್ನು ಮೊದಲ ಪುಟದಲ್ಲಿಯೇ ನಮೂದಿಸಿ.